ಚಪ್ಪರದ ಖರ್ಚು ಮತ್ತು ಹದಿನಾರು ದಿನ

ಹಾಸನದ ದಕ್ಷಿಣಕ್ಕೆ, ಹೊಯ್ಸಳರ ಜೋಡಿ ದೇಗುಲಗಳಿರುವ ಮೊಸಳೆಯಂಥ ಊರಿನಲ್ಲಿ ಒಂದು ಚುನಾವಣಾ ಸಭೆ ನಡೆಯಿತೆನ್ನಿ. ಚಪ್ಪರ, ಧ್ವನಿವರ್ಧಕ, ಬಾಡಿಗೆಯ ಮೋಟಾರು, ಕರಪತ್ರ: ಇವುಗಳ ಹಣ ಯಾರ ಲೆಕ್ಕಕ್ಕೆ? 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯಂತೆ ಉಮೇದುವಾರನ ವೆಚ್ಚಕ್ಕೊಂದು ಮಿತಿಯುಂಟು. ಫಲಿತಾಂಶ ಪ್ರಕಟವಾದ ಮೂವತ್ತು ದಿನಗಳೊಳಗೆ ಅವನು ಲೆಕ್ಕ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ತಪ್ಪಿದವನನ್ನು ಮೂರು ವರ್ಷ ಅನರ್ಹನನ್ನಾಗಿಸುವ ಅಧಿಕಾರ ಚುನಾವಣಾ ಆಯೋಗಕ್ಕಿದೆ.

ಆ ಆಯೋಗದ ಮುಖ್ಯ ಪೀಠವನ್ನೇರಿದ ಪ್ರಥಮ ಮಹಿಳೆ ಶ್ರೀಮತಿ ವಿ. ಎಸ್. ರಮಾದೇವಿಯವರು. ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ 1934ರಲ್ಲಿ ಜನಿಸಿದ ಅವರು ಕಾನೂನು ಓದಿ, ಆಂಧ್ರ ಹೈಕೋರ್ಟಿನಲ್ಲಿ ವಕೀಲರಾಗಿ, ಮುಂದೆ ಕೇಂದ್ರ ಕಾನೂನು ಸಚಿವಾಲಯವನ್ನು ಸೇರಿದರು. ಶಾಸನದ ಶುಷ್ಕ ಭಾಷೆಯ ನಡುವೆಯೂ ತೆಲುಗಿನಲ್ಲಿ ಕಾದಂಬರಿಗಳನ್ನು ಬರೆದರೆಂದರೆ ಧಾರಾವಾಹಿಗಾಗಿ ವಾರವಾರವೂ ಕಾಯುವ ನಮ್ಮ ವಾಚಕಿಯರಿಗೆ ಸಂತೋಷವಾದೀತು. 1990ರ ನವೆಂಬರ್ 26ರಂದು ಪೀಠವೇರಿದರು. ಡಿಸೆಂಬರ್ 11ಕ್ಕೆ ಅವಧಿ ಮುಗಿಯಿತು. ಮರುದಿನವೇ ಟಿ. ಎನ್. ಶೇಷನ್ನರು ಬಂದರು.

ಹದಿನಾರು ದಿನಗಳಲ್ಲಿ ಏನಾದೀತು ಎಂದು ನಗುವವರುಂಟು. ಆರು ವರ್ಷ ಕುಳಿತಿದ್ದರೂ ಚಪ್ಪರದ ಲೆಕ್ಕ ಇತ್ಯರ್ಥವಾಗುತ್ತಿರಲಿಲ್ಲ. ದೋಷವಿದ್ದುದು ಪೀಠದಲ್ಲಲ್ಲ, ಕಾಯಿದೆಯ ಒಕ್ಕಣೆಯಲ್ಲಿ. ಉಮೇದುವಾರನ ಅರಿವಿನಿಂದ ಪಕ್ಷವು ಅವನಿಗಾಗಿ ಮಾಡಿದ ವೆಚ್ಚವೂ ಅವನದೇ ಎಂದು ಸುಪ್ರೀಂ ಕೋರ್ಟು 1974ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾಯಿದೆಗೆ ವಿವರಣೆಯೊಂದು ಸೇರಿತು: ಪಕ್ಷವಾಗಲಿ ಮಿತ್ರರಾಗಲಿ ಮಾಡಿದ ಖರ್ಚು ಉಮೇದುವಾರನದಲ್ಲ! ಮಿತಿ ಮಿತಿಯಾಗಿಯೇ ಉಳಿಯಿತು. ಹಣ ಪಕ್ಕದ ಬಾಗಿಲಿನಿಂದ ಒಳಬಂದಿತು. ಪ್ರಾಮಾಣಿಕನೂ ಅಪ್ರಾಮಾಣಿಕನೂ ಒಪ್ಪಿಸುವ ಲೆಕ್ಕ ಒಂದೇ ತೆರನಾದರೆ ಅದನ್ನು ಪರೀಕ್ಷಿಸುವವರು ಮಾಡುವುದಾದರೂ ಏನು?

ರಮಾದೇವಿಯವರು ಮುಂದೆ ರಾಜ್ಯಸಭೆಯ ಮಹಾಕಾರ್ಯದರ್ಶಿಯಾದರು. ಹಿಮಾಚಲ ಪ್ರದೇಶದ ರಾಜ್ಯಪಾಲರಾದರು. 1999ರ ಡಿಸೆಂಬರಿನಲ್ಲಿ ಕರ್ನಾಟಕದ ಪ್ರಥಮ ಮಹಿಳಾ ರಾಜ್ಯಪಾಲರಾಗಿ ಬಂದರು. 2013ರ ಏಪ್ರಿಲ್‌ನಲ್ಲಿ ಅವರು ಕೊನೆಯುಸಿರೆಳೆದುದೂ ಬೆಂಗಳೂರಿನಲ್ಲಿಯೇ.

ಅವರು ಇಲ್ಲಿಯ ರಾಜಭವನವನ್ನು ಬಿಟ್ಟ ಮರುವರ್ಷ, 2003ರಲ್ಲಿ, ಆ ವಿವರಣೆಗೆ ತಿದ್ದುಪಡಿಯಾಯಿತು. ಪಕ್ಷದ ಪ್ರಮುಖ ನಾಯಕರ ಪ್ರಯಾಣದ ವೆಚ್ಚವೂ ಪಕ್ಷದ ಸಾಮಾನ್ಯ ಪ್ರಚಾರವೂ ಹೊರಗುಳಿದವು. ನಾಯಕರೊಡನೆ ಉಮೇದುವಾರನೂ ವೇದಿಕೆಯಲ್ಲಿ ಕುಳಿತರೆ ಮಾತ್ರ ಚಪ್ಪರದ ಖರ್ಚು ಅವನ ಪುಸ್ತಕಕ್ಕೇ ಬರುತ್ತದೆ. 2022ರಲ್ಲಿ ಆ ಪುಸ್ತಕದ ಮಿತಿ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿಗೆ ಏರಿತು. ಪಕ್ಷದ ಪುಸ್ತಕಕ್ಕೆ ಅಂಥ ಮಿತಿಯನ್ನು ಕಾಯಿದೆ ಹಾಕಿಲ್ಲ.