ಮನೆಯ ತೊಟ್ಟಿಯಲ್ಲಿ ಹವಳ: ಯಾವ ಪುಸ್ತಕವನ್ನು ನಂಬಬೇಕು?

ನೀಲಿ ಬೆಳಕಿನಲ್ಲಿ ಹೊಳೆಯುವ ಹವಳ, ಅದರ ಸಂದಿಯಲ್ಲಿ ಓಡಾಡುವ ಕೆಂಪು ಪಟ್ಟೆಯ ಸಿಗಡಿ. ಇಂಥ ಗಾಜಿನ ತೊಟ್ಟಿಯ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ಮನೆಯಲ್ಲೂ ಒಂದಿರಲಿ ಎಂದು ಆಸೆಪಡುವುದು ಸಹಜ. ತಿಳಿದವರು ತೊಟ್ಟಿಗಿಂತ ಮೊದಲು ಒಂದು ಪುಸ್ತಕ ಹುಡುಕುತ್ತಾರೆ. ಅದು ಸರಿಯಾದ ದಾರಿಯೇ. ಆದರೆ ಈ ವಿಷಯದ ಹೆಸರಾಂತ ಪುಸ್ತಕಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ಓದುಗರಿಗಾಗಿ ಬರೆದಂಥವು. ಅವನ್ನು ಸೇಡಂ ಬಳಿಯ ಆದಿತ್ಯನಗರದಲ್ಲೋ, ವಾಡಿ, ಶಹಾಬಾದಿನಲ್ಲೋ ಕುಳಿತು ಓದುವವರು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು.

1. ಪುಸ್ತಕ ಹೇಳುವುದು ನಮ್ಮಲ್ಲಿ ಕಾನೂನುಬದ್ಧವೇ?

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಬಂಡೆಯಂತೆ ಕಾಣುವುದು ಅದು ಕಟ್ಟಿಕೊಂಡ ಸುಣ್ಣದ ಗೂಡು. 2001ರಲ್ಲಿ ಕೇಂದ್ರ ಸರ್ಕಾರವು ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನು, ಕಪ್ಪು ಹವಳ, ಬೆಂಕಿ ಹವಳ ಮತ್ತು ಸಮುದ್ರ ಬೀಸಣಿಗೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ ಸೇರಿಸಿತು. ಸಮುದ್ರ ಸೌತೆ, ಕೆಲವು ಬಗೆಯ ಶಂಖ ಮತ್ತು ಚಿಪ್ಪುಜೀವಿಗಳಿಗೂ ಆಗ ರಕ್ಷಣೆ ಸಿಕ್ಕಿತು. ಮೊದಲನೇ ಅನುಸೂಚಿ ಎಂದರೆ ಹುಲಿ ಇರುವ ಪಟ್ಟಿ. ಅದರಲ್ಲಿರುವ ಜೀವಿಯನ್ನು ಹಿಡಿದರೆ, ಮಾರಿದರೆ 3ರಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ.

ಇಷ್ಟು ಬಿಗಿ ಯಾಕೆ? ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಸುಣ್ಣಕ್ಕಾಗಿ ಹವಳ ದಿಬ್ಬಗಳನ್ನೇ ಒಡೆದು ಸಾಗಿಸಲಾಗುತ್ತಿತ್ತು. ಸುಣ್ಣದ ಕಲ್ಲಿನ ಬೆಲೆ ಗೊತ್ತಿರುವ ಸಿಮೆಂಟ್ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಇದು ವಿದೇಶಿ ಹವಳ, ತೊಂದರೆ ಇಲ್ಲ’ ಎಂದು ಮಾರುವವರು ಹೇಳಬಹುದು. ಮಾತು ಸಾಲದು. ಗಟ್ಟಿ ಹವಳಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಹಿಡಿತದಲ್ಲಿದೆ, ಪರವಾನಗಿ ಪತ್ರ ಇರಲೇಬೇಕು. ಅನುಮಾನ ಬಂದರೆ ಹಣ ಕೊಡುವ ಮೊದಲೇ ಅರಣ್ಯ ಇಲಾಖೆಯನ್ನು ಕೇಳಿ. ವಿದೇಶಿ ಪುಸ್ತಕದಲ್ಲಿ ‘ಹೊಸಬರಿಗೆ ಸುಲಭ’ ಎಂದು ಬರೆದಿದ್ದರೆ ಅದು ಸಾಕುವ ಕಷ್ಟದ ಲೆಕ್ಕ ಮಾತ್ರ, ನಮ್ಮ ಕಾನೂನಿನ ಅನುಮತಿಯಲ್ಲ.

2. ಪುಸ್ತಕ ಯಾವ ಕೆಲಸಕ್ಕೆ ಬರೆದದ್ದು?

ಗುರುತಿಸುವ ಪುಸ್ತಕ ಬೇರೆ, ಸಾಕುವ ಪುಸ್ತಕ ಬೇರೆ. ಜೆ.ಇ.ಎನ್. ವೆರಾನ್ ಅವರ ‘ಕೋರಲ್ಸ್ ಆಫ್ ದಿ ವರ್ಲ್ಡ್’ (2000) ಮೂರು ಸಂಪುಟಗಳ ಗುರುತಿನ ಗ್ರಂಥ. ನಮ್ಮ ದೇಶದ ಹವಳಗಳಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ‘ಹ್ಯಾಂಡ್‌ಬುಕ್ ಆನ್ ಹಾರ್ಡ್ ಕೋರಲ್ಸ್ ಆಫ್ ಇಂಡಿಯಾ’ (2003) ಇದೆ. ಸಾಕುವ ವಿಧಾನಕ್ಕೆ ಹೆಸರಾದವು ಡೆಲ್‌ಬೀಕ್ ಮತ್ತು ಸ್ಪ್ರಂಗ್ ಅವರ ‘ದಿ ರೀಫ್ ಅಕ್ವೇರಿಯಂ’ (ಮೊದಲ ಸಂಪುಟ 1994) ಹಾಗೂ ಎರಿಕ್ ಬೋರ್ನ್‌ಮನ್ ಅವರ ‘ಅಕ್ವೇರಿಯಂ ಕೋರಲ್ಸ್’ (2001).

ಒಳ್ಳೆಯ ಪುಸ್ತಕದಲ್ಲಿ ಪ್ರತಿ ಜೀವಿಗೂ ವೈಜ್ಞಾನಿಕ ಹೆಸರು ಇರುತ್ತದೆ. ಅಂಗಡಿಯ ಬಣ್ಣದ ಹೆಸರಿನಿಂದ ಅದು ರಕ್ಷಿತ ಜೀವಿಯೋ ಅಲ್ಲವೋ ತಿಳಿಯುವುದಿಲ್ಲ. ಆದರೆ ಹಳೆಯ ಪುಸ್ತಕದ ಹೆಸರು ಬದಲಾಗಿರಬಹುದು ಎಂಬುದೂ ನೆನಪಿರಲಿ. ಅಕಾಂಥಾಸ್ಟ್ರಿಯಾ ಎಂಬ ಕುಲದಲ್ಲಿದ್ದ ಜನಪ್ರಿಯ ಹವಳವೊಂದನ್ನು 2016ರಲ್ಲಿ ಮೈಕ್ರೊಮುಸ್ಸಾ ಕುಲಕ್ಕೆ ಸೇರಿಸಿದರು. ಹೆಸರು ಬದಲಾದರೂ ಅದು ಗಟ್ಟಿ ಹವಳವೇ.

3. ನಮ್ಮ ನೀರಿಗೆ, ನಮ್ಮ ಬಿಸಿಲಿಗೆ ಹೊಂದುತ್ತದೆಯೇ?

ಹವಳದ ತೊಟ್ಟಿಯ ನೀರು ಸಾಮಾನ್ಯವಾಗಿ 24ರಿಂದ 27 ಡಿಗ್ರಿ ಇರಬೇಕು. ಬೇಸಿಗೆಯ ಸಹಜ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಚಳಿ ದೇಶದ ಪುಸ್ತಕ ನೀರು ಬಿಸಿ ಮಾಡುವುದನ್ನು ಕಲಿಸುತ್ತದೆ, ನಮಗೆ ಬೇಕಾದದ್ದು ತಂಪು ಮಾಡುವ ಯಂತ್ರ ಮತ್ತು ಕರೆಂಟ್ ಹೋದಾಗಿನ ವ್ಯವಸ್ಥೆ. ಹಳೆಯ ಪುಸ್ತಕಗಳು ಹೇಳುವ ಮೆಟಲ್ ಹಾಲೈಡ್ ದೀಪಗಳು ನೀರನ್ನು ಇನ್ನಷ್ಟು ಕಾಯಿಸುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆಗೆ ನಮ್ಮ ನೆಲದಲ್ಲೇ ಅವಕಾಶವಿದೆ. ‘ಹವಳಕ್ಕೆ ಸುಣ್ಣ ಬೇಕು, ಶಹಾಬಾದ್ ಪರಸಿ ಸುಣ್ಣದ ಕಲ್ಲು, ಹಾಗಾದರೆ ಒಂದು ತುಂಡು ಹಾಕಿದರಾಯಿತು’ ಎನ್ನಿಸಬಹುದು. ಹಾಗಾಗುವುದಿಲ್ಲ. ಮೇಲ್ಪದರದ ಸಮುದ್ರದ ನೀರಿನಲ್ಲಿ ಈ ಸುಣ್ಣದಂಶ ಕರಗಬಲ್ಲಷ್ಟಕ್ಕಿಂತ ಹೆಚ್ಚೇ ಇರುವುದರಿಂದ ಕಲ್ಲು ಅದರಲ್ಲಿ ಕರಗುವುದಿಲ್ಲ. ಹವಳಕ್ಕೆ ಬೇಕಾದದ್ದು ಈಗಾಗಲೇ ಕರಗಿರುವ ಕ್ಯಾಲ್ಸಿಯಂ, ಲೀಟರಿಗೆ ಸುಮಾರು 400 ಮಿಲಿಗ್ರಾಂ. ಅಂದಹಾಗೆ, ನಮ್ಮ ಪರಸಿ ಕಲ್ಲು ಹವಳದಿಂದ ಆದದ್ದೂ ಅಲ್ಲ. ಭೀಮಾ ಜಲಾನಯನದ ಈ ಪದರಗಳು 54 ಕೋಟಿ ವರ್ಷಕ್ಕಿಂತ ಹಳೆಯವು. ಇಂದಿನ ಗಟ್ಟಿ ಹವಳಗಳು ಕಾಣಿಸಿಕೊಂಡದ್ದು ಸುಮಾರು 24 ಕೋಟಿ ವರ್ಷಗಳ ಹಿಂದೆ.

ಬೋರ್‌ವೆಲ್ ನೀರಿಗೆ ಉಪ್ಪು ಬೆರೆಸಿದರೂ ಸಮುದ್ರದ ನೀರಾಗುವುದಿಲ್ಲ. ಆರ್‌ಒ ಮತ್ತು ಡಿಅಯಾನೈಸರ್‌ನಲ್ಲಿ ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಸೇರಿಸಬೇಕು. ಅಡುಗೆ ಉಪ್ಪು ಕೆಲಸಕ್ಕೆ ಬಾರದು.

4. ಅಪಾಯವನ್ನು ಹೇಳುತ್ತದೆಯೇ?

ನಮ್ಮ ಪ್ರಕಾರ ಅತಿ ಮುಖ್ಯ ಪರೀಕ್ಷೆ ಇದು. ಗುಂಡಿಯಂಥ ಬಾಯಿಯ ಬಣ್ಣದ ಜೊಆಂಥಿಡ್‌ಗಳು ಹವಳದ ನೆಂಟರು. ಇವುಗಳಲ್ಲಿ ಕೆಲವಕ್ಕೆ, ಮುಖ್ಯವಾಗಿ ಪಾಲಿಥೋವಾ ಕುಲದವಕ್ಕೆ, ಪಾಲಿಟಾಕ್ಸಿನ್ ಎಂಬ ಭೀಕರ ವಿಷವಿದೆ. ಕುದಿಸಿದರೂ ಅದು ನಾಶವಾಗುವುದಿಲ್ಲ, ಹಬೆಯೊಂದಿಗೆ ಶ್ವಾಸಕೋಶಕ್ಕೆ ಹೋಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ತೊಟ್ಟಿ ತೊಳೆದ ಮೇಲೆ ಒಂದು ಕುಟುಂಬದವರೆಲ್ಲ ಆಸ್ಪತ್ರೆ ಸೇರಬೇಕಾಯಿತು. ಆದ್ದರಿಂದ ‘ತೊಟ್ಟಿಯ ಕಲ್ಲನ್ನು ಕುದಿಯುವ ನೀರಿನಲ್ಲಿ ಹಾಕಿ ಸ್ವಚ್ಛಗೊಳಿಸಿ’ ಎಂಬ ಸಲಹೆ ಪುಸ್ತಕದಲ್ಲಿರಲಿ, ಫಾರ್ವರ್ಡ್‌ನಲ್ಲಿರಲಿ, ಪಾಲಿಸಬೇಡಿ, ಇನ್ನೊಬ್ಬರಿಗೆ ಕಳಿಸಲೂ ಬೇಡಿ. ಒಣಗಿಸಿ ಕೆರೆಯುವುದೂ ಬೇಡ. ತೊಟ್ಟಿಗೆ ಕೈ ಹಾಕಿದ ಮೇಲೆ ಉಸಿರಾಟದ ತೊಂದರೆ, ಸ್ನಾಯು ನೋವು, ಎದೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಏನು ಮುಟ್ಟಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ.

ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧ ಸಿಗಡಿ, ಏಡಿ, ಬಸವನಹುಳಕ್ಕೆ ವಿಷ. ಬೆನ್ನೆಲುಬಿಲ್ಲದ ಜೀವಿಗಳ ಬಗ್ಗೆ ಬರೆದ ಪುಸ್ತಕ ಇದನ್ನು ಹೇಳದಿದ್ದರೆ ಅದನ್ನು ಬಿಟ್ಟುಬಿಡಿ.

ಹಾಗಾದರೆ ಏನು ಮಾಡಬೇಕು?

ತೊಟ್ಟಿಗಿಂತ ಮೊದಲು ಪುಸ್ತಕ ಕೊಳ್ಳಿ, ಪುಸ್ತಕಕ್ಕಿಂತ ಮೊದಲು ಅದರ ಪ್ರಕಟಣೆಯ ವರ್ಷ ನೋಡಿ. ವಿಧಾನಕ್ಕೆ ಒಂದು, ಗುರುತಿಗೆ ಒಂದು ಇದ್ದರೆ ಸಾಕು. ಅನುಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ. ಹೊಸಬರು ಸಿಹಿನೀರಿನ ಪುಟ್ಟ ಸಿಗಡಿಗಳಿಂದ ಶುರುಮಾಡಿದರೆ ನೀರಿನ ಪರೀಕ್ಷೆ, ತಾಪಮಾನ, ತಾಳ್ಮೆ ಮೂರೂ ಕಡಿಮೆ ಖರ್ಚಿನಲ್ಲಿ ಅಭ್ಯಾಸವಾಗುತ್ತವೆ. ಜೀವಂತ ಹವಳವನ್ನೇ ನೋಡಬೇಕೆಂದರೆ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತ ಅದು ತನ್ನ ಮನೆಯಲ್ಲೇ ಇದೆ. ಅಲ್ಲಿ ಮುಳುಗಿ ನೋಡಬಹುದು, ಮುರಿದು ತರುವಂತಿಲ್ಲ.