ಕಾಶಿಯ ಗಲ್ಲಿಗೆ ಟೇಪು ಹಿಡಿದವರು

ಕಚೌಡಿ ಗಲ್ಲಿಯಲ್ಲಿ ಬೆಳಗಿನ ಏಳು ಗಂಟೆ. ಬಾಣಲೆ ಬೀದಿಗೇ ಮುಖ ಮಾಡಿ ಕುದಿಯುತ್ತಿದೆ. ಎಲೆಯ ದೊನ್ನೆ ಹಿಡಿದವರು ಗೋಡೆಗೊರಗಿ ತಿನ್ನುತ್ತಿದ್ದಾರೆ. ಹಿಂದಿನಿಂದ ‘ರಾಮ ನಾಮ ಸತ್ಯ ಹೈ’ ಎಂಬ ಕೂಗು. ಬಿದಿರಿನ ಚಟ್ಟ ಹೊತ್ತ ನಾಲ್ವರು ಮಣಿಕರ್ಣಿಕೆಯತ್ತ ಬಿರಬಿರನೆ ಬರುತ್ತಿದ್ದಾರೆ. ಯಾರಿಗೂ ಗಾಬರಿಯಿಲ್ಲ. ತಿನ್ನುತ್ತಿದ್ದವರು ದೊನ್ನೆ ಸಮೇತ ಪಕ್ಕದ ಮನೆಯ ಜಗುಲಿ ಹತ್ತಿ ನಿಲ್ಲುತ್ತಾರೆ, ಯಾರೋ ಹಸುವಿನ ಬೆನ್ನು ತಟ್ಟಿ ಓರೆಗೆ ಸರಿಸುತ್ತಾರೆ. ಚಟ್ಟ ದಾಟುತ್ತದೆ, ಜಗುಲಿ ಹತ್ತಿದವರು ಇಳಿಯುತ್ತಾರೆ, ತಿಂಡಿ ಮುಂದುವರಿಯುತ್ತದೆ.

ಇಬ್ಬರು ಎದುರುಬದುರಾದರೆ ಭುಜ ತಾಗುವ ಓಣಿಯಲ್ಲಿ ಹೆಣ, ಹಸು, ಯಾತ್ರಿಕ, ಹಾಲಿನ ಕ್ಯಾನು ಎಲ್ಲವೂ ಸಾಗುವುದು ಆ ಜಗುಲಿಗಳ ದೆಸೆಯಿಂದ. ಅಲ್ಲಿ ಅದಕ್ಕೆ ‘ಚಬೂತರಾ’ ಎನ್ನುತ್ತಾರೆ. ಮನೆಯವರದ್ದೂ ಹೌದು, ಬೀದಿಯವರದ್ದೂ ಹೌದು ಎನ್ನುವಂಥ ಜಾಗ. ಟೇಪು ಹಿಡಿದು ಗಲ್ಲಿಯ ಅಗಲ ಅಳೆಯುವ ಎಂಜಿನಿಯರ್ ಮಾತ್ರ ಅದನ್ನು ‘ಒತ್ತುವರಿ’ ಎಂದು ಬರೆದುಕೊಳ್ಳುತ್ತಾನೆ.

ಕಾಶಿಯ ಜಗಳ ಇರುವುದೇ ಇಲ್ಲಿ. ನಡೆಯುವ ದಾರಿ ಎಂದರೆ ಏನೆಂದು ಯಾರು ತೀರ್ಮಾನಿಸಬೇಕು, ನಡೆಯುವವರೋ ಅಳೆಯುವವರೋ?

ಗಂಗೆಯಿಂದ ಗುಡಿಗೆ ನೇರ ದಾರಿ ಮಾಡುವ ವಿಶ್ವನಾಥ ಕಾರಿಡಾರ್‌ಗೆ 2019ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು, 2021ರ ಡಿಸೆಂಬರ್ 13ರಂದು ಉದ್ಘಾಟನೆ. ಸುಮಾರು 3,000 ಚದರಡಿಯಷ್ಟಿದ್ದ ದೇವಸ್ಥಾನದ ಆವರಣ 5 ಲಕ್ಷ ಚದರಡಿಗೆ ಹಿಗ್ಗಿತು ಎಂಬುದು ಸರ್ಕಾರದ ಲೆಕ್ಕ. ಅದಕ್ಕಾಗಿ 300ಕ್ಕೂ ಹೆಚ್ಚು ಆಸ್ತಿಗಳನ್ನು ಕೊಳ್ಳಲಾಯಿತು. ಅಂಗಡಿಯವರು, ಬಾಡಿಗೆಯವರು, ಮನೆ ಮಾಲೀಕರು ಸೇರಿ ಸುಮಾರು 1,400 ಮಂದಿಗೆ ಪುನರ್ವಸತಿ ಕಲ್ಪಿಸಿದೆವು ಎಂದೂ ಅದೇ ಲೆಕ್ಕ ಹೇಳುತ್ತದೆ. ರಣಜಿತ್ ಸಿಂಗನ ಕಾಲದಲ್ಲಿ ಲಾಹೋರಿನಿಂದ ಬಂದು ನೆಲೆಸಿದವರ ಹೆಸರು ಹೊತ್ತಿದ್ದ ಲಾಹೋರಿ ಟೋಲಾ ಎಂಬ ಕೇರಿ ಈಗ ಇಲ್ಲ. 1872ರಲ್ಲಿ ಶುರುವಾದ ಕಾರ್ಮೈಕೇಲ್ ಗ್ರಂಥಾಲಯದ ಕಟ್ಟಡವೂ ಹೋಯಿತು. ಮನೆಗಳನ್ನು ಕೆಡವುತ್ತಾ ಹೋದಂತೆ ಒಳಗಿಂದ 40ಕ್ಕೂ ಹೆಚ್ಚು ಹಳೆಯ ಗುಡಿಗಳು ಹೊರಬಂದವು.

ಆ ಗುಡಿಗಳ ಮಾತು ಸ್ವಲ್ಪ ನಿಧಾನವಾಗಿ ಆಡಬೇಕಾದದ್ದು. ಅವನ್ನು ‘ಬಿಡುಗಡೆ’ ಮಾಡಿದೆವು ಎಂದು ಬೆಂಬಲಿಗರು ಸಂಭ್ರಮಿಸಿದರು, ಮನೆಗಳು ಗುಡಿಗಳನ್ನು ನುಂಗಿ ಕೂತಿದ್ದವೆಂಬಂತೆ. ಕಾಶಿಯಲ್ಲಿ ಮನೆಯ ಅಂಗಳದೊಳಗೆ ಲಿಂಗವಿರುವುದು, ಯಾತ್ರಿಕರು ಬಂದು ಬಾಗಿಲು ತಟ್ಟುವುದು, ಮನೆಯಾಕೆ ಒಳಗೆ ಬಿಟ್ಟುಕೊಳ್ಳುವುದು ಹಳೆಯ ರೂಢಿ. ವಿಶ್ವನಾಥನ ಸುತ್ತಲಿನ ಅಂತರ್ಗೃಹ ಯಾತ್ರೆ ನಡೆದು ಬಂದದ್ದೇ ಹಾಗೆ, ಇಂಥ ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ. ಈಗ ಆ ಗುಡಿಗಳು ಕಲ್ಲು ಹಾಸಿದ ಬಯಲಿನ ನಡುವೆ ಒಂಟಿಯಾಗಿ ನಿಂತಿವೆ. ಚೆನ್ನಾಗಿ ಕಾಣುತ್ತವೆ, ಸುಳ್ಳಲ್ಲ. ದಿನಾ ಸಂಜೆ ದೀಪ ಹಚ್ಚುತ್ತಿದ್ದ ಮನೆಯವರು ಮಾತ್ರ ಪಕ್ಕದಲ್ಲಿಲ್ಲ.

ಕಾರಿಡಾರ್ ಪರ ವಾದಿಸುವವರ ಕೈಯಲ್ಲಿ ಗಟ್ಟಿ ಮಾತುಗಳೂ ಇವೆ. ಶಿವರಾತ್ರಿಯ ನೂಕುನುಗ್ಗಲಲ್ಲಿ ಹಳೆಯ ವಿಶ್ವನಾಥ ಗಲ್ಲಿ ಹೊಕ್ಕವರಿಗೆ ಉಸಿರು ಕಟ್ಟುವುದೆಂದರೇನೆಂದು ಗೊತ್ತು. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರುವ ಮಾತೇ ಇರಲಿಲ್ಲ. ವಯಸ್ಸಾದವರು, ಗಾಲಿಕುರ್ಚಿಯಲ್ಲಿ ಬಂದವರು ದರ್ಶನದ ಆಸೆ ಬಿಡಬೇಕಿತ್ತು. ಇದರ ಜೊತೆಗೆ ಗಾಂಧಿಯವರ ಸಾಕ್ಷಿಯೂ ಬರುತ್ತದೆ. 1916ರ ಫೆಬ್ರವರಿಯಲ್ಲಿ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ ಅವರು ವಿಶ್ವನಾಥನ ಗಲ್ಲಿಗಳ ಕೊಳಕನ್ನು ಮುಖಕ್ಕೆ ಹೊಡೆದಂತೆ ಎತ್ತಿ ಆಡಿದ್ದರು, ಇಕ್ಕಟ್ಟನ್ನೂ ಬಿಟ್ಟಿರಲಿಲ್ಲ. ಆದರೆ ಗಾಂಧಿ ಕೊಳಕು ಕಂಡಲ್ಲೆಲ್ಲ ಪೊರಕೆ ಹಿಡಿದವರು. ಅವರ ಭಾಷಣವನ್ನು ಬುಲ್ಡೋಜರಿಗೆ ಶಿಫಾರಸು ಪತ್ರ ಮಾಡಿಕೊಳ್ಳುವುದು ಸ್ವಲ್ಪ ಅತಿಯಾಯಿತು.

ಜನಸಂದಣಿಯ ಸಮಸ್ಯೆ ನಿಜ, ಪರಿಹಾರವೂ ಅಷ್ಟರಮಟ್ಟಿಗೆ ನಿಜ ಎಂದೇ ಒಪ್ಪೋಣ. ಪರಿಹಾರವಾದದ್ದು ಯಾವುದಕ್ಕೆ? ಸರದಿ ಸಾಲಿಗೆ. ಗಂಗೆಯಿಂದ ಗರ್ಭಗುಡಿಗೆ ಒಂದು ನೇರ ದಾರಿ ಸಿಕ್ಕಿತು, ಅದರ ಮೇಲೆ ಜನ ಕಟಾಂಜನದ ನಡುವೆ ಮುಂದೆ ಮುಂದೆ ಸರಿಯುತ್ತಾರೆ. ಸರದಿಯಲ್ಲಿ ಸರಿಯುವುದು ಬೇರೆ, ಊರಿನಲ್ಲಿ ನಡೆಯುವುದು ಬೇರೆ. ಮೇ ತಿಂಗಳ ನಡುಹಗಲಲ್ಲಿ ಈ ವ್ಯತ್ಯಾಸ ಅಂಗಾಲಿಗೇ ತಿಳಿಯುತ್ತದೆ. ಮೂರು ನಾಲ್ಕು ಅಂತಸ್ತಿನ ಮನೆಗಳ ನಡುವಿನ ಕಿರುಗಲ್ಲಿಗೆ ಬಿಸಿಲು ಇಳಿಯುವುದು ದಿನದಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ. ಕೆಳಗಿನ ಕಲ್ಲು ತಣ್ಣಗೇ ಇರುತ್ತದೆ. ಬಯಲಾದ ಅಂಗಳದ ಕಲ್ಲು ಹಾಗಲ್ಲ. ಬರಿಗಾಲ ಭಕ್ತರಿಗೆ ಅಲ್ಲಿ ಚಾಪೆ ಹಾಸಬೇಕು, ಮೇಲೆ ಚಪ್ಪರ ಎಳೆಯಬೇಕು. ಗೋಡೆಗಳು ಬಿಟ್ಟಿಯಾಗಿ ಕೊಡುತ್ತಿದ್ದ ನೆರಳಿಗೆ ಈಗ ಖರ್ಚು ಹಾಕಬೇಕಾಗಿದೆ.

ಕಾರಿಡಾರ್ ಮುಗಿದ ಕಥೆ, ಅದನ್ನು ಕೆದಕಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಮುಗಿದಿಲ್ಲ. ಅದೇ ಟೇಪು ಈಗ ದಾಲ್ ಮಂಡಿಗೆ ಬಂದಿದೆ. ನಯಿ ಸಡಕ್‌ನಿಂದ ಚೌಕ್‌ವರೆಗೆ ಸುಮಾರು 650 ಮೀಟರ್ ಉದ್ದದ ಈ ಸಗಟು ಮಾರುಕಟ್ಟೆಯ ಓಣಿಯನ್ನು 17 ಮೀಟರಿಗೂ ಹೆಚ್ಚು ಅಗಲ ಮಾಡುವ ಯೋಜನೆ. 2025ರಲ್ಲಿ ಕಟ್ಟಡ ಕೆಡವುವ ಕೆಲಸವೂ ಶುರುವಾಯಿತು. ಕೊಡುವ ಕಾರಣ ಅದೇ, ವಿಶ್ವನಾಥನಿಗೆ ಇನ್ನೊಂದು ದಾರಿ. ಒಂದು ಕಾಲಕ್ಕೆ ತವಾಯಫರೆಂಬ ಗಾಯಕಿಯರ ಸಂಗೀತ ಕೇಳಿಸುತ್ತಿದ್ದ ಬೀದಿ ಇದು. ಉಸ್ತಾದ್ ಬಿಸ್ಮಿಲ್ಲಾ ಖಾನರ ಮನೆಯೂ ಇದರ ಆಸುಪಾಸಿನಲ್ಲೇ. ಮಸೀದಿಗಳೂ ಇರುವುದರಿಂದ ಚರ್ಚೆ ಬಲುಬೇಗ ಹಿಂದೂ–ಮುಸ್ಲಿಂ ಜಾಡಿಗೆ ಹೊರಳಿಕೊಂಡಿತು, ನಡೆಯುವವರ ಪ್ರಶ್ನೆ ಮೂಲೆಗೆ ಬಿತ್ತು. ಲಾಹೋರಿ ಟೋಲಾದಲ್ಲಿ ಮನೆ ಕಳಕೊಂಡವರಲ್ಲಿ ಹೆಚ್ಚಿನವರು ಹಿಂದೂಗಳೇ ಎಂಬುದನ್ನು ಮರೆತರೆ ಮಾತ್ರ ಆ ಜಾಡು ಸರಿಯೆನಿಸೀತು. ಟೇಪಿಗೆ ಧರ್ಮವಿಲ್ಲ, ಅದಕ್ಕೆ ಬೇಕಿರುವುದು ಅಗಲ.

ಇನ್ನೊಂದು ತಮಾಷೆಯಿದೆ. ಅಷ್ಟ ಭೈರವ, ನವ ಗೌರಿ, ನವ ದುರ್ಗೆ, ಅಷ್ಟ ವಿನಾಯಕ ಎಂದು ಗುಡಿಗಳನ್ನು ಪೋಣಿಸಿ ‘ಪಾವನ ಪಥ’ ಎಂಬ ಹೆಸರಲ್ಲಿ ಯಾತ್ರಾ ದಾರಿಗಳನ್ನು ರೂಪಿಸಲು ಹೊರಟದ್ದೂ ಇದೇ ಸರ್ಕಾರ. ವಾರಾಣಸಿಯ ಐತಿಹಾಸಿಕ ನದೀತೀರ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ್ದು 2021ರಲ್ಲಿ, ಕಾರಿಡಾರ್ ಉದ್ಘಾಟನೆಯಾದ ವರ್ಷವೇ. ಎಡಗೈ ಗಲ್ಲಿ ಕೆಡವುತ್ತದೆ, ಬಲಗೈ ಗಲ್ಲಿಗೆ ಬೋರ್ಡು ಬರೆಸುತ್ತದೆ.

ಹಾಗಾದರೆ ಹಳೆಯ ಊರನ್ನು ಇದ್ದಂತೆಯೇ ಬಿಡಬೇಕೆ? ಅಹಮದಾಬಾದಿನ ಉತ್ತರ ಬೇರೆಯಿತ್ತು. ಅಲ್ಲಿ 1997ರ ನವೆಂಬರಿನಲ್ಲಿ ಪಾಲಿಕೆಯೇ ಹಳೆಯ ಊರಿನ ನಡಿಗೆ ಆರಂಭಿಸಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಶುರುವಾಗಿ, ಹಳೆಯ ವಠಾರಗಳಾದ ಪೋಳ್‌ಗಳ ಒಳದಾರಿಗಳಲ್ಲಿ ಸುತ್ತಿ ಜಾಮಾ ಮಸೀದಿಯಲ್ಲಿ ಮುಗಿಯುವ ನಡಿಗೆ. ಅದಕ್ಕಾಗಿ ಬೀದಿ ಅಗಲ ಮಾಡಲಿಲ್ಲ. 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಭಾರತದ ಮೊದಲ ವಿಶ್ವ ಪರಂಪರೆಯ ನಗರ ಎಂಬ ಹೆಸರು ಆ ಊರಿಗೆ ಬಂತು. ಕಾಶಿಯ ಕಾರಿಡಾರ್ ವಿನ್ಯಾಸ ಮಾಡಿದ ಬಿಮಲ್ ಪಟೇಲ್ ಅವರ ಸಂಸ್ಥೆಯೂ ಅಹಮದಾಬಾದಿನದೇ. ಪಾಠ ಕಲಿಯಲು ದೂರ ಹೋಗಬೇಕಿರಲಿಲ್ಲ.

ಕಾಶಿಗೆ ಹೆಚ್ಚು ಖರ್ಚಿಲ್ಲದ ಕೆಲಸಗಳು ಬೇಕಾದಷ್ಟಿವೆ. ಗಲ್ಲಿಗಳಲ್ಲಿ ನಡೆಯುವವರಿಗೆ ಇಂದು ದೊಡ್ಡ ಕಾಟ ಇಕ್ಕಟ್ಟಲ್ಲ, ಬೈಕು. ಒಂದೂವರೆ ಮೀಟರಿನ ಓಣಿಯಲ್ಲಿ ಹಾರ್ನು ಬಾರಿಸುತ್ತಾ ನುಗ್ಗುವ ಬೈಕನ್ನು ತಡೆಯಲು ಗಲ್ಲಿಯ ಬಾಯಿಗೆ ಎರಡು ಕಲ್ಲುಗೂಟ ನೆಟ್ಟರೆ ಸಾಕು. ಒಳಚರಂಡಿ ಸರಿಪಡಿಸುವುದು, ನೇತಾಡುವ ವಿದ್ಯುತ್ ತಂತಿಗಳನ್ನೆಲ್ಲ ನೆಲದಡಿಗೆ ಇಳಿಸುವುದು, ಕಿತ್ತ ಚಪ್ಪಡಿ ಮತ್ತೆ ಕೂರಿಸುವುದು: ಇವಕ್ಕೆ ಉದ್ಘಾಟನೆಯ ಕಳೆ ಇಲ್ಲ ನಿಜ. ಆ ಕಳೆ ಇರುವುದು ರೋಪ್‌ವೇಯಂಥ ಕೆಲಸಕ್ಕೆ. ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ಗೊದೌಲಿಯಾಕ್ಕೆ 3.75 ಕಿಲೋಮೀಟರಿನ ರೋಪ್‌ವೇಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ನೆಟ್ಟಗೆ ಫುಟ್‌ಪಾತ್ ಇದ್ದರೆ ಅದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆಯ ನಡಿಗೆ. ಜನರನ್ನು ಆಕಾಶಕ್ಕೇರಿಸುವಷ್ಟು ಹುಮ್ಮಸ್ಸಿನಲ್ಲಿ ಕಾಲುಭಾಗ ಕೆಳಗಿನ ಫುಟ್‌ಪಾತಿಗೂ ಸಿಗಬೇಡವೆ?

ಇದು ಕಾಶಿಯವರ ತಲೆಬಿಸಿ, ಕನ್ನಡಿಗರಿಗೇನು ಎನ್ನುವಂತಿಲ್ಲ. ನಮ್ಮ ಮದುವೆಮನೆಯ ಕಾಶಿಯಾತ್ರೆಯಲ್ಲಿ ವರನಿಗೆ ಕೊಡೆಯನ್ನೂ ಕೋಲನ್ನೂ ಕೊಡುವುದು ಅವನು ನಡೆದು ಹೋಗುವವನೆಂದೇ. ನಡೆಯುವವರಿಗಾಗಿ ಕಾಶಿಯೂ ದಾರಿಗಳನ್ನು ಸುತ್ತುಸುತ್ತಾಗಿ ಹೆಣೆದಿಟ್ಟಿತ್ತು. ಹೊರಸುತ್ತಿನ ಪಂಚಕ್ರೋಶಿ ಸುಮಾರು 80 ಕಿಲೋಮೀಟರ್, ಕಂದವಾದ ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂದು ತಂಗುತ್ತಾ ಐದು ದಿನ. 2022ರಿಂದ ಕರ್ನಾಟಕ ಸರ್ಕಾರ ಕಾಶಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನ ಕೊಡುತ್ತಿದೆ, ಅದೇ ವರ್ಷ ಬೆಂಗಳೂರಿನಿಂದ ‘ಕಾಶಿ ದರ್ಶನ’ ರೈಲೂ ಹೊರಟಿತು. ಎಂಟು ದಿನದ ಆ ಪ್ರವಾಸದಲ್ಲಿ ಅಯೋಧ್ಯೆ, ಪ್ರಯಾಗಗಳನ್ನೂ ಮುಗಿಸಬೇಕು. ಹಾಗೆ ಬಂದವರಿಗೆ ಕಾಶಿಯಲ್ಲಿ ಕಾಣಸಿಗುವುದು ಹೆಚ್ಚುಕಡಿಮೆ ಕಾರಿಡಾರ್ ಮತ್ತು ಸಂಜೆಯ ಆರತಿ.

ಆಗಸ್ಟ್‌ನಲ್ಲಿ ಹೋದವರಿಗೆ ಬೇರೆ ಊರೇ ಕಾಣುತ್ತದೆ. ಗಂಗೆ ಏರಿದಾಗ ಘಾಟುಗಳ ಮೆಟ್ಟಿಲೆಲ್ಲ ಮುಳುಗಿ, ಅಸ್ಸಿಯಿಂದ ರಾಜಘಾಟ್‌ವರೆಗಿನ ದಡದ ದಾರಿ ಕಡಿದುಹೋಗುತ್ತದೆ. ದಶಾಶ್ವಮೇಧದ ಆರತಿ ಮಾಳಿಗೆ ಹತ್ತುತ್ತದೆ. ಮಣಿಕರ್ಣಿಕೆಯಲ್ಲಿ ಚಿತೆಗಳೂ ಮೇಲಿನ ತಾರಸಿಗೆ ಹೋಗುತ್ತವೆ, ಹರಿಶ್ಚಂದ್ರ ಘಾಟಿನಲ್ಲಿ ಗಲ್ಲಿಯೊಳಗೇ ಹೆಣ ಸುಡಬೇಕಾಗುತ್ತದೆ. ಆಗ ಊರಿಗೆ ಉಳಿಯುವುದು ಒಳಗಲ್ಲಿಗಳು ಮಾತ್ರ. ಹನುಮಾನ್ ಘಾಟಿನ ಪಕ್ಕದ ಕರ್ನಾಟಕ ಘಾಟಿನ ಆಸುಪಾಸು ಇಳಿದುಕೊಂಡ ಕನ್ನಡದ ಯಾತ್ರಿಕರು ಕೇದಾರ ಘಾಟಿನ ಬೆನ್ನಿಗಿರುವ ಓಣಿ ಹಿಡಿದು, ಬಂಗಾಲಿ ಟೋಲಾದ ತಿರುವುಗಳಲ್ಲಿ ಎರಡು ಸಲವಾದರೂ ದಾರಿ ತಪ್ಪಿ, ಜಗುಲಿಯ ಮೇಲೆ ಕೂತವರನ್ನು ಜಂಗಮವಾಡಿ ಮಠ ಎತ್ತ ಎಂದು ಕೇಳುತ್ತಾ ಗೊದೌಲಿಯಾ ಸೇರುತ್ತಾರೆ.