ಎರಡು ದಿನದ ಅತಿಥಿ ಮತ್ತು ನಮ್ಮ ದೆಹಲಿ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗನ ಮನೆಗೆ ಊರಿನಿಂದ ಬರುವ ಒಂದು ಬಗೆಯ ದೂರವಾಣಿ ಕರೆಯನ್ನು ನಾವೆಲ್ಲರೂ ಬಲ್ಲೆವು. ಕ್ಷೇಮಸಮಾಚಾರ ಮುಗಿದ ಮೇಲೆ, ‘ಹರಿದ್ವಾರಕ್ಕೆ ಹೊರಟಿದ್ದೇವೆ, ಬರುವಾಗ ನಿಮ್ಮಲ್ಲಿ ಎರಡು ದಿನ ಇದ್ದು ದೆಹಲಿ ನೋಡಿಕೊಂಡು ಹೋಗುತ್ತೇವೆ’ ಎಂಬ ಮಾತು ಬರುತ್ತದೆ. ಸಂತೋಷದ ಮಾತೇ. ಆದರೆ ಕರೆ ಸರ್ಕಾರಿ ಅಧಿಕಾರಿಯ ಮನೆಗಾದರೆ ಅದಕ್ಕೊಂದು ಬಾಲ ಇರುತ್ತದೆ: ‘ಹೇಗೂ ಆಫೀಸಿನ ಕಾರು ಇದೆಯಲ್ಲ!’

ಕಳೆದ ಫೆಬ್ರವರಿಯಲ್ಲಿ ಇಂಥ ಕರೆ ಮಾಡಿದವರು ನನ್ನ ಚಿಕ್ಕಪ್ಪ. ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು. ‘ಕಚೇರಿಯ ವಾಹನ ಕಚೇರಿಯ ಕೆಲಸಕ್ಕೆ ಮಾತ್ರ, ಚಿಕ್ಕಪ್ಪ. ನಾನೇ ರಜೆ ಹಾಕಿ ನಿಮ್ಮ ಜೊತೆ ಬರುತ್ತೇನೆ’ ಎಂದೆ. ಆ ಕಡೆ ಒಂದು ಕ್ಷಣ ಮೌನ. ‘ಆಯಿತಪ್ಪ, ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು’ ಎಂದರು. ಆ ಮೌನಕ್ಕೆ ಊರಿನಲ್ಲಿ ಎಂಥ ವ್ಯಾಖ್ಯಾನ ಹುಟ್ಟುತ್ತದೆಂದು ನನಗೆ ಗೊತ್ತು: ದೊಡ್ಡ ಹುದ್ದೆಗೆ ಹೋದ, ನಮ್ಮವರನ್ನು ಮರೆತ.

ನಾನೇನೂ ಹುಟ್ಟಿನಿಂದ ಹರಿಶ್ಚಂದ್ರನಲ್ಲ. ಹಲವು ವರ್ಷಗಳ ಹಿಂದೆ ಬಂಧುಗಳೊಬ್ಬರಿಗಾಗಿ ಒಂದು ಭಾನುವಾರ ಆ ಕಾರನ್ನು ಕಳುಹಿಸಿದ್ದೆ. ಬೆಳಗಿನಿಂದ ರಾತ್ರಿಯವರೆಗೆ ಹನ್ನೆರಡು ಸ್ಥಳ ಸುತ್ತಿಸಿದ ಚಾಲಕ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ, ‘ಲಾಗ್‌ಬುಕ್ಕಿನಲ್ಲಿ ಏನೆಂದು ಬರೆಯಲಿ, ಸಾಹೇಬರೇ?’ ಎಂದು ಕೇಳಿದ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಊರಿನ ತಾಲ್ಲೂಕು ಕಚೇರಿಯ ಭ್ರಷ್ಟತೆಯನ್ನು ಕುರಿತು ನಮ್ಮ ಬೈಠಕ್ಕುಗಳಲ್ಲಿ ಗಂಟೆಗಟ್ಟಲೆ ಮಾತನಾಡುವ ನಾವು, ‘ದೆಹಲಿಯಲ್ಲಿ ನಮ್ಮವರಿದ್ದಾರೆ’ ಎಂಬ ಹೆಮ್ಮೆಯೊಳಗೆ ಅಡಗಿರುವ ಈ ಸಣ್ಣ ಭ್ರಷ್ಟತೆಯನ್ನು ಉಪಚಾರವೆಂದು ಕರೆಯುತ್ತೇವೆ.

ಆದರೆ ಈ ಲೇಖನ ಕಾರಿನ ನೀತಿಯನ್ನು ಕುರಿತದ್ದು ಮಾತ್ರವಲ್ಲ. ಕಾರು ಇಲ್ಲದಿದ್ದರಿಂದಲೇ ನನಗೆ ಹೊಳೆದ ಇನ್ನೊಂದು ವಿಷಯವನ್ನು ಓದುಗರ ಮುಂದಿಡಬೇಕಾಗಿದೆ.

ಚಿಕ್ಕಪ್ಪ ತಂದ ಪಟ್ಟಿಯಲ್ಲಿ ಹದಿನಾಲ್ಕು ಸ್ಥಳಗಳಿದ್ದವು. ಕೊನೆಯಲ್ಲಿ ‘ಸಾಧ್ಯವಾದರೆ ಆಗ್ರಾ’ ಎಂದಿತ್ತು. ಚಿಕ್ಕಮ್ಮನಿಗೆ ಮಂಡಿನೋವು. ಕುತುಬ್ ಮಿನಾರಿನಿಂದ ಕೆಂಪುಕೋಟೆಗೆ ಹದಿನೈದು ಕಿಲೋಮೀಟರಿಗೂ ಹೆಚ್ಚು ದೂರ; ನಡುವೆ ದೆಹಲಿಯ ವಾಹನಸಂದಣಿ. ಹದಿನಾಲ್ಕು ಸ್ಥಳಗಳನ್ನು ಎರಡು ದಿನಕ್ಕೆ ಹಂಚಿದರೆ ನೋಡುವುದಕ್ಕಿಂತ ಕಾರಿನಲ್ಲಿ ಕುಳಿತಿರುವುದೇ ಹೆಚ್ಚಾಗುತ್ತದೆ. ಹಿಂದಿನ ರಾತ್ರಿ ಮೆಟ್ರೊ ನಕ್ಷೆಯನ್ನು ಹರಡಿಕೊಂಡು ಕುಳಿತಾಗ ನಾನು ಕಂಡದ್ದಿಷ್ಟು: ಹಳದಿ ಮಾರ್ಗವೊಂದರಲ್ಲೇ ಮೂರು ದೆಹಲಿಗಳಿವೆ. ದಕ್ಷಿಣದಲ್ಲಿ ಕುತುಬ್ ಮಿನಾರ್ ನಿಲ್ದಾಣ, ಅಂದರೆ ಸುಲ್ತಾನರ ದೆಹಲಿ. ನಡುವೆ ಲೋಕ ಕಲ್ಯಾಣ ಮಾರ್ಗ ಮತ್ತು ಕೇಂದ್ರ ಸಚಿವಾಲಯ. ಅದು 1911ರಲ್ಲಿ ರಾಜಧಾನಿಯ ಘೋಷಣೆಯಾಗಿ 1931ರಲ್ಲಿ ಉದ್ಘಾಟನೆಗೊಂಡ ನವದೆಹಲಿ. ಉತ್ತರದಲ್ಲಿ ಚಾಂದನಿ ಚೌಕ, ಷಹಜಹಾನನ ದೆಹಲಿ. ಗಾಡಿ ಬದಲಿಸುವ ಗೋಜಿಲ್ಲ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಮೊದಲ ಡಬ್ಬಿ ಮಹಿಳೆಯರಿಗೆ ಮೀಸಲು. ನಿಲ್ದಾಣದಿಂದ ಮುಂದಕ್ಕೆ ಆಟೊ ಹಿಡಿದರೆ ಚಿಕ್ಕಮ್ಮನಿಗೂ ಕಷ್ಟವಿಲ್ಲ. ಪಟ್ಟಿಯನ್ನು ಮೂರಕ್ಕೆ ಇಳಿಸಿದೆ. ಚಿಕ್ಕಪ್ಪ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಕುತುಬ್ ಆವರಣಕ್ಕೆ ಅತಿಥಿಗಳೊಂದಿಗೆ ನಾನು ಇಪ್ಪತ್ತು ಸಲವಾದರೂ ಹೋಗಿದ್ದೇನೆ. ಪ್ರತಿ ಸಲವೂ ಟಿಕೇಟು ಕೊಂಡುಕೊಟ್ಟು ಮರದ ನೆರಳಿನಲ್ಲಿ ಕುಳಿತಿದ್ದೇನೆ. ಈ ಸಲ ಚರಿತ್ರೆಯ ಮೇಷ್ಟರ ಜೊತೆ ಹೋಗುವುದೆಂಬ ಅಂಜಿಕೆಯಿಂದ ರಾತ್ರಿ ಒಂದಷ್ಟು ಓದಿಕೊಂಡಿದ್ದೆ. ಅಲಾಯಿ ದರ್ವಾಜಾದ ಮುಂದೆ ನಿಂತು, ‘ಅಲಾವುದ್ದೀನ್ ಖಿಲ್ಜಿ ಇದನ್ನು ಕಟ್ಟಿಸಿದ್ದು 1311ರಲ್ಲಿ’ ಎಂದೆ. ಚಿಕ್ಕಪ್ಪ ಥಟ್ಟನೆ ತಿರುಗಿದರು. ‘ಮಲಿಕ್ ಕಾಫೂರ್ ನಮ್ಮ ದ್ವಾರಸಮುದ್ರಕ್ಕೆ ಬಂದದ್ದೂ ಅದೇ ವರ್ಷ!’ ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಇಸವಿಯೊಂದರ ಇನ್ನೊಂದು ತುದಿ ಅವರ ಕಣ್ಣೆದುರು ಕಲ್ಲಾಗಿ ನಿಂತಿತ್ತು. ಹಳೇಬೀಡಿನಿಂದ ಹೊರಟ ಆನೆ ಕುದುರೆಗಳೂ ಐಶ್ವರ್ಯವೂ ಬಂದು ಸೇರಿದ್ದು ಈ ಊರನ್ನೇ.

ಅಷ್ಟಕ್ಕೇ ನಿಂತಿದ್ದರೆ ಅವರು ಕಹಿಯೊಂದನ್ನು ಹೊತ್ತು ಊರಿಗೆ ಮರಳುತ್ತಿದ್ದರೇನೋ. ಮಿನಾರಿನ ಬಳಿ ಇನ್ನೊಂದು ಸಂಗತಿ ಹೇಳಿದೆ. ಸಿಡಿಲು ಬಡಿದು ಹಾಳಾದ ಮೇಲಂತಸ್ತನ್ನು 1369ರಲ್ಲಿ ಫಿರೋಜ್ ಷಾ ತುಘಲಕ್ ದುರಸ್ತಿ ಮಾಡಿಸಿದಾಗ, ಕೆಲಸ ಮಾಡಿದ ಶಿಲ್ಪಿಗಳು ವಿಶ್ವಕರ್ಮನನ್ನು ಸ್ಮರಿಸಿ ನಾಗರಿ ಲಿಪಿಯಲ್ಲಿ ಬರಹ ಕೆತ್ತಿದ್ದಾರೆ. ‘ನಮ್ಮ ಮಲ್ಲಿತಮ್ಮ ಹೆಸರು ಕೆತ್ತಿದ ಹಾಗೆ’ ಎಂದು ಚಿಕ್ಕಪ್ಪ ಗೋಪುರವನ್ನು ಬಹಳ ಹೊತ್ತು ನೋಡಿದರು. ಹೊಯ್ಸಳರ ಗುಡಿಗಳಲ್ಲಿ ರೂವಾರಿಗಳ ಹೆಸರು ಹುಡುಕಿ ಓದಿದವರಿಗೆ ಈ ನಂಟನ್ನು ಯಾರೂ ವಿವರಿಸಬೇಕಾಗಿಲ್ಲ. ಸೂರೆಯೂ ನಿಜ, ಉಳಿಯ ಕೆಲಸವೂ ನಿಜ. ಒಂದನ್ನು ಮುಚ್ಚಿ ಇನ್ನೊಂದನ್ನಷ್ಟೇ ತೋರಿಸುವುದು ಅತಿಥಿಗೂ ಚರಿತ್ರೆಗೂ ಮಾಡುವ ಅನ್ಯಾಯ.

ಮಧ್ಯಾಹ್ನ ಲೋಕ ಕಲ್ಯಾಣ ಮಾರ್ಗದಲ್ಲಿ ಇಳಿದು ಆಟೊದಲ್ಲಿ ತೀನ್ ಮೂರ್ತಿ ವೃತ್ತಕ್ಕೆ ಹೋದೆವು. ಇದು ಅವರ ಪಟ್ಟಿಯಲ್ಲಿರಲಿಲ್ಲ. ಅಲ್ಲಿ ನಿಂತಿರುವ ಮೂರು ಕಂಚಿನ ಯೋಧರು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧ್‌ಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತೀಕ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. 2018ರಲ್ಲಿ ವೃತ್ತದ ಹೆಸರಿಗೆ ಹೈಫಾ ಸೇರಿತು. ಅದಕ್ಕೂ ಮುಂಚೆ ವರ್ಷಗಟ್ಟಲೆ ಆ ವೃತ್ತವನ್ನು ಬಳಸಿ ಕಚೇರಿಗೆ ಹೋಗುತ್ತಿದ್ದ ನಾನು, ಆ ಮೂವರಲ್ಲಿ ಒಬ್ಬ ನಮ್ಮ ಮೈಸೂರಿನವನೆಂದು ತಿಳಿಯುವ ಗೋಜಿಗೇ ಹೋಗಿರಲಿಲ್ಲ.

ಮರುದಿನ ಸೋಮವಾರ, ಕೆಂಪುಕೋಟೆಗೆ ರಜೆ. ಹೊರಗಿನಿಂದಲೇ ಕೋಟೆ ನೋಡಿ, ಷಹಜಹಾನನ ಮಗಳು ಜಹನಾರಾ 1650ರಲ್ಲಿ ರೂಪಿಸಿದ ಚಾಂದನಿ ಚೌಕದಲ್ಲಿ ನಿಧಾನವಾಗಿ ನಡೆದೆವು. 2021ರಲ್ಲಿ ಈ ಬೀದಿ ಹೊಸರೂಪ ಪಡೆದ ಮೇಲೆ ನಡೆಯುವವರಿಗೆ ಅನುಕೂಲವಾಗಿದೆ. ಕೋಟೆಯೆದುರಿನ ದಿಗಂಬರ ಜೈನ ಲಾಲ್ ಮಂದಿರದಲ್ಲಿ ಚಿಕ್ಕಮ್ಮ, ‘ನಮ್ಮ ಬೆಳಗೊಳದ ಕಡೆಯವರು ಇಲ್ಲಿಗೂ ಬರುತ್ತಾರೇನೋ’ ಎಂದು ಕೈಮುಗಿದರು. 1675ರಲ್ಲಿ ಗುರು ತೇಗ್ ಬಹಾದ್ದೂರರು ಬಲಿದಾನಗೈದ ಸ್ಥಳದಲ್ಲಿರುವ ಸೀಸ್ ಗಂಜ್ ಗುರುದ್ವಾರದಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡು ಕುಳಿತ ಚಿಕ್ಕಪ್ಪ ಏಳಲು ಮನಸ್ಸು ಮಾಡಲಿಲ್ಲ. ಹನ್ನೊಂದು ಸ್ಥಳಗಳು ಪಟ್ಟಿಯಲ್ಲೇ ಉಳಿದವು. ಅವುಗಳ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಈ ಅನುಭವದಿಂದ ನನಗನ್ನಿಸಿದ್ದು ಇಷ್ಟು. ನಾವು ಈ ನಗರದಲ್ಲಿ ದಶಕಗಳ ಕಾಲ ಬಾಳಿದ್ದೇವೆ, ಮನೆ ಕಟ್ಟಿದ್ದೇವೆ, ಮಕ್ಕಳನ್ನು ಬೆಳೆಸಿದ್ದೇವೆ. ಆದರೂ ಊರಿನವರು ಬಂದಾಗ ಇದನ್ನು ಬೇರೆ ಯಾರದೋ ಊರಿನಂತೆ, ಕಿಟಕಿಯಾಚೆ ಬೆರಳು ಚಾಚಿ ತೋರಿಸುತ್ತೇವೆ. ನಾವೇ ನೋಡದ ಊರನ್ನು ತೋರಿಸಲು ಹೊರಟಾಗ ಕಾರು ಬೇಕೇಬೇಕಾಗುತ್ತದೆ. ಏಕೆಂದರೆ ನಿಂತರೆ ಹೇಳಲು ಮಾತಿರುವುದಿಲ್ಲ. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವುದೆಂದರೆ ರಾಜ್ಯೋತ್ಸವ, ಯಕ್ಷಗಾನ, ಹಬ್ಬದೂಟ ಮಾತ್ರವೇ? ನೆಲೆಸಿದ ನೆಲವನ್ನು ಕನ್ನಡದಲ್ಲಿ ಅರಿತು, ಕನ್ನಡದಲ್ಲಿ ಹೇಳಬಲ್ಲ ಶಕ್ತಿಯೂ ಅದರ ಭಾಗವಲ್ಲವೇ?

ಎಲ್ಲರೂ ಮೆಟ್ರೊದಲ್ಲೇ ಓಡಾಡಬೇಕೆಂಬ ಹಟ ನನ್ನದಲ್ಲ. ತೀರ ವಯಸ್ಸಾದವರಿಗೆ, ಬೇಸಗೆಯಲ್ಲಿ ಬರುವವರಿಗೆ ಬಾಡಿಗೆ ಕಾರೇ ಸರಿ. ಅದರ ಬಾಡಿಗೆ ನಮ್ಮ ಜೇಬಿನಿಂದ ಹೋಗಲಿ. ಆದರೆ ಸಂಘ ಒಂದು ಕೆಲಸ ಮಾಡಬಹುದು. ತಿಂಗಳಿಗೊಂದು ಭಾನುವಾರ, ನಮ್ಮ ತರುಣರು ಮುಂದಾಗಿ, ಒಂದೇ ಒಂದು ಸ್ಥಳದಲ್ಲಿ ಕನ್ನಡದ ನಡಿಗೆ ಏರ್ಪಡಿಸಲಿ. ಆ ಸ್ಥಳ ಯಾವುದು, ಹತ್ತಿರದ ನಿಲ್ದಾಣ ಯಾವುದು, ರಜೆಯ ದಿನ ಯಾವುದು, ನಮ್ಮ ನಾಡಿಗೂ ಅದಕ್ಕೂ ಏನು ನಂಟು ಎಂಬುದನ್ನು ಎರಡು ಪುಟದಲ್ಲಿ ಅಚ್ಚು ಹಾಕಿಸಲಿ. ಹನ್ನೆರಡು ನಡಿಗೆಗಳು ಮುಗಿದರೆ ಒಂದು ಪುಸ್ತಿಕೆಯಾಗುತ್ತದೆ. ಊರಿನಿಂದ ಬಂದವರ ಕೈಗೆ ಅದನ್ನು ಕೊಡಬಹುದು. ಅದಕ್ಕೂ ಮೊದಲು ನಾವೇ ಓದಬಹುದು.

ಮೊದಲ ನಡಿಗೆ ತೀನ್ ಮೂರ್ತಿ ವೃತ್ತದಿಂದ ಆರಂಭವಾಗಲಿ ಎಂಬುದು ನನ್ನ ಸೂಚನೆ. ಎರಡು ಪುಟವನ್ನು ಬರೆದುಕೊಡುವ ಹೊಣೆ ನನ್ನದು.